"ಸರಿಯಾಗಿ ಹೇಳಿದೆನಾ, ಮೇಡಂ?"

ಟಿವಿಯ ಹಾಡಿನ ಶೋ ಗೆದ್ದು, ಆಮೇಲೆ ಆಪ್ತಸಲಹೆಗೆಂದು ನನ್ನ ಬಳಿ ಬಂದ ಒಬ್ಬಳ ಕಥೆ ಇದು. ಶೋ ಯಾವುದು, ಊರು ಯಾವುದು, ಯಾವ ವರ್ಷದ್ದು ಎಂಬುದನ್ನೆಲ್ಲ ಇಲ್ಲಿ ಬಿಟ್ಟಿದ್ದೇನೆ. ಮನೆಯವರ ವಿವರಗಳನ್ನು ಗುರುತು ಸಿಗದಂತೆ ಅಲ್ಲಲ್ಲಿ ಬದಲಿಸಿದ್ದೇನೆ. ಬರೆದದ್ದನ್ನು ಅವಳೇ ಓದಿ, ಎರಡು ಪ್ಯಾರಾ ಹೊಡೆದುಹಾಕಿ, ಉಳಿದದ್ದಕ್ಕೆ ಒಪ್ಪಿಗೆ ಕೊಟ್ಟಿದ್ದಾಳೆ. ಸುಳ್ಳು ಹೆಸರು ಇಡೋಣವೆಂದರೆ ಅದೂ ಬೇಡ ಎಂದಳು. "ಇರೋ ಒಂದು ಹೆಸರಿಂದಾನೇ ಸಾಕಾಗಿದೆ." ಹಾಗಾಗಿ ಹುಡುಗಿ ಎಂದೇ ಕರೆಯುತ್ತೇನೆ.

ಮೊದಲು ಫೋನ್ ಮಾಡಿದ್ದು ಅವಳ ಅಮ್ಮ. "ಪುಸ್ತಕ ತೆಗೆದರೆ ಎದೆ ಹೊಡ್ಕೊಳ್ಳುತ್ತಂತೆ ಮೇಡಂ. ಕಾಲೇಜಿನ ಗೇಟಿನ ತನಕ ಹೋಗಿ ವಾಪಸ್ ಬರ್ತಾಳೆ. ಸಾವಿರಾರು ಜನದ ಮುಂದೆ ಹಾಡಿ ಗೆದ್ದವಳು, ಐವತ್ತು ಜನರ ಕ್ಲಾಸಲ್ಲಿ ಕೂರೋಕೆ ಹೆದರ್ತಾಳೆ ಅಂದ್ರೆ ಯಾರಾದರೂ ನಂಬ್ತಾರಾ?" ಮಗಳಿಗೆ ಗೆದ್ದ ಮೇಲೆ ಸೊಕ್ಕು ಬಂದಿದೆ ಎಂದು ಅಪ್ಪ, ದೃಷ್ಟಿ ತಾಗಿದೆ ಎಂದು ಅಜ್ಜಿ, ಸೋಮಾರಿತನ ಎಂದು ಚಿಕ್ಕಪ್ಪ. ಮನೆಯಲ್ಲಿ ಮೂರು ಜನ ಮೂರು ತೀರ್ಪು ಕೊಟ್ಟು ಮುಗಿಸಿದ್ದರು. ನಾಲ್ಕನೆಯದು ನನ್ನಿಂದ ಬೇಕಿತ್ತು.

ಹಿನ್ನೆಲೆ ಇಷ್ಟು. ಟಿವಿಯ ಹಾಡಿನ ಸ್ಪರ್ಧೆ ಗೆದ್ದಾಗ ಅವಳಿಗೆ ಹತ್ತೊಂಬತ್ತು, ಪದವಿಯ ಎರಡನೇ ವರ್ಷ. ಆಡಿಷನ್‌ನಿಂದ ಫಿನಾಲೆವರೆಗೆ ಕಾಲೇಜಿನ ಮುಖ ನೋಡಲಿಲ್ಲ. ಗೆದ್ದ ಮೇಲೆ ಒಂದೂವರೆ ವರ್ಷ ಕಾರ್ಯಕ್ರಮಗಳು, ಉದ್ಘಾಟನೆಗಳು, ಸನ್ಮಾನಗಳು. ಆಮೇಲೆ ಮುಂದಿನ ಸೀಸನ್ ಬಂತು, ಹೊಸ ವಿಜೇತರು ಬಂದರು, ಇವಳ ಫೋನ್ ಸುಮ್ಮನಾಯಿತು. ಇಪ್ಪತ್ತೆರಡಕ್ಕೆ ಮತ್ತೆ ಕಾಲೇಜು ಸೇರಿದಳು, ತನಗಿಂತ ಚಿಕ್ಕವರ ಜೊತೆ. ಹಳೆಯ ಸೆಮಿಸ್ಟರ್‌ಗಳ ಮೂರು ಪೇಪರ್ ಬಾಕಿ. ಅದರಲ್ಲಿ ಒಂದು ಸಂಖ್ಯಾಶಾಸ್ತ್ರ.

ಮೊದಲ ದಿನ ಬಂದು ಕೂತವಳು ಶುರುವಿನಲ್ಲೇ, "ನೀನು ಅನ್ನಿ ಮೇಡಂ, ನೀವು ಅಂದ್ರೆ ಆ್ಯಂಕರ್ ಮಾತಾಡಿಸಿದ ಹಾಗಿರುತ್ತೆ" ಎಂದಳು. ಆಮೇಲೆ ತನ್ನ ಕಥೆ ಹೇಳಿದಳು. ಎಷ್ಟು ಚೆನ್ನಾಗಿ ಹೇಳಿದಳೆಂದರೆ, ಅಪ್ಪನ ಕಾಯಿಲೆಯ ಮಾತು ಬಂದಲ್ಲಿ ಒಂದು ನಿಲುಗಡೆ, ಅಮ್ಮ ಬಳೆ ಅಡವಿಟ್ಟದ್ದಕ್ಕೆ ಒಂದು ಉಸಿರು, ಮೊದಲ ಬಾರಿ ಮೈಕ್ ಹಿಡಿದದ್ದಕ್ಕೆ ಒಂದು ನಗು. ನನ್ನ ಕಣ್ಣೂ ಒದ್ದೆಯಾಯಿತು. ಇಷ್ಟು ವರ್ಷದ ಕಸುಬಿನಲ್ಲಿ ಮೊದಲ ಭೇಟಿಗೇ ಹೀಗೆ ಅಂಚು ಕತ್ತರಿಸಿದ ಹಾಗೆ ಬದುಕು ಹೇಳಿದವರನ್ನು ನಾನು ಕಂಡಿಲ್ಲ. ಜನ ಸಾಮಾನ್ಯವಾಗಿ ತಡವರಿಸುತ್ತಾರೆ, ಹಿಂದೆ ಮುಂದೆ ಮಾಡುತ್ತಾರೆ, ಮುಖ್ಯವಾದದ್ದನ್ನು ಎದ್ದು ಹೋಗುವಾಗ ಬಾಗಿಲ ಬಳಿ ಹೇಳುತ್ತಾರೆ. ಇವಳಲ್ಲಿ ಅದೊಂದೂ ಇರಲಿಲ್ಲ. "ಶೋನಲ್ಲಿ ಇದಕ್ಕೆ ಜರ್ನಿ ಅಂತಾರೆ" ಎಂದು ಅವಳೇ ಹೇಳಿದಳು. ಪ್ರತಿ ಸ್ಪರ್ಧಿಗೂ ಒಂದು ಜರ್ನಿ ಇರಬೇಕು, ಅದರ ವಿಡಿಯೊ ಹಾಡಿಗೆ ಮುಂಚೆ ಬರಬೇಕು. ಅವಳ ಬದುಕನ್ನು ಬೇರೆ ಯಾರೋ ಎಡಿಟ್ ಮಾಡಿ ಕೊಟ್ಟಿದ್ದರು. ಅವಳು ಅದನ್ನು ಕಂಠಪಾಠ ಮಾಡಿದ್ದಳು, ಅಷ್ಟೇ.

ಎದ್ದು ನಿಂತು ಚೀಲ ಹೆಗಲಿಗೆ ಹಾಕಿಕೊಂಡು ಕೇಳಿದಳು: "ಸರಿಯಾಗಿ ಹೇಳಿದೆನಾ, ಮೇಡಂ?"

"ತುಂಬಾ ಚೆನ್ನಾಗಿ ಹೇಳಿದೆ" ಎಂದುಬಿಟ್ಟೆ.

ರಾತ್ರಿ ನೋಟ್ಸ್ ಬರೆಯಲು ಕೂತಾಗ ನನ್ನ ತಪ್ಪು ಹೊಳೆಯಿತು. ಅವಳಿಗೆ ಅಂಕ ಕೊಡುವವರು ಬೇಕಾದಷ್ಟು ಜನ ಇದ್ದರು. ಅಂಕ ಕೊಡದ ಒಬ್ಬರು ಬೇಕಿತ್ತು. ಅವಳು ತೀರ್ಪಿಗೆ ಕೈಚಾಚಿದಳು, ನಾನು ಜಡ್ಜ್ ಕುರ್ಚಿಯಲ್ಲಿ ಕೂತು ಕೊಟ್ಟೆ.

ಎರಡನೇ ಭೇಟಿಯಲ್ಲಿ ಇನ್ನೊಂದು ಎಡವಟ್ಟು. ಧೈರ್ಯ ತುಂಬೋಣವೆಂದು ಕ್ಯಾರಿ ಅಂಡರ್‌ವುಡ್ ಕಥೆ ತೆಗೆದೆ. 2005ರಲ್ಲಿ 'ಅಮೆರಿಕನ್ ಐಡಲ್' ಗೆದ್ದ ಹುಡುಗಿ, ಹಾಡಿನ ಆಲ್ಬಂ ಮಾರಾಟ ಉತ್ತುಂಗದಲ್ಲಿದ್ದಾಗಲೇ ಓಕ್ಲಹಾಮಾದ ನಾರ್ತ್‌ಈಸ್ಟರ್ನ್ ಸ್ಟೇಟ್ ಯೂನಿವರ್ಸಿಟಿಯಲ್ಲಿ ಬಿಟ್ಟಿದ್ದ ಓದನ್ನು ಮುಗಿಸಿ, 2006ರಲ್ಲಿ ಸಮೂಹ ಸಂವಹನದ ಪದವಿ ಪಡೆದಳು. ಅದೂ ಉನ್ನತ ಶ್ರೇಣಿಯಲ್ಲಿ. ನೋಡು, ಆಗುತ್ತೆ ಎಂಬ ಧಾಟಿ ನನ್ನದು. ಹುಡುಗಿ ತಾಳ್ಮೆಯಿಂದ ಕೇಳಿದಳು. "ಗೊತ್ತು ಮೇಡಂ. ಅಪ್ಪ ಅದನ್ನ ಪ್ರಿಂಟ್ ತೆಗೆದು ನನ್ನ ಟೇಬಲ್ ಮೇಲೆ ಅಂಟಿಸಿದ್ದಾರೆ. ಅವರಿಗೆ ಬಾಕಿ ಇದ್ದದ್ದು ಚೂರು. ಮುಗೀತಾ ಬಂದಿತ್ತು. ನಂದು ಅರ್ಧಕ್ಕರ್ಧ ಬಾಕಿ." ಸ್ವಲ್ಪ ತಡೆದು, "ಅಲ್ಲದೆ, ಅವರು ಓದಿನಲ್ಲೂ ಗೆದ್ದರು. ಗೆದ್ದವರ ಕಥೆ ನನಗೆ ಬೇಡ. ನಾನೇ ಒಂದು ಅಂಥ ಕಥೆ."

ಆ ದಿನ ನಾನು ಹೆಚ್ಚು ಮಾತಾಡಲಿಲ್ಲ. ಕೇಳಲೇಬೇಕಾದ ಪ್ರಶ್ನೆಗಳನ್ನು ಕೇಳಿದೆ. ನಿದ್ದೆ, ಊಟ, ಸಾಯಬೇಕು ಅನ್ನಿಸುತ್ತಿದೆಯಾ ಎನ್ನುವುದನ್ನೂ ನೇರವಾಗಿ. ಇಂಥ ಪ್ರಶ್ನೆಯನ್ನು ಸುತ್ತಿಬಳಸಿ ಕೇಳಿದರೆ ಉತ್ತರವೂ ಸುತ್ತಿಬಳಸಿ ಬರುತ್ತದೆ. ಹಾಗೇನೂ ಇಲ್ಲ ಎಂದಳು, ಆದರೆ ಬೆಳಗ್ಗೆ ಏಳಲು ಮನಸ್ಸಾಗುವುದಿಲ್ಲ, ಮೊದಲು ಖುಷಿ ಕೊಡುತ್ತಿದ್ದ ಯಾವುದೂ ರುಚಿಸುವುದಿಲ್ಲ. ಎದೆ ಬಡಿತಕ್ಕೆ ವೈದ್ಯರ ಬಳಿ ತಪಾಸಣೆ ಮಾಡಿಸಲು, ಜೊತೆಗೆ ಒಮ್ಮೆ ಮನೋವೈದ್ಯರನ್ನು ಕಾಣಲು ಹೇಳಿದೆ. ಅವರು ಸದ್ಯ ಮಾತ್ರೆ ಬೇಡ, ಆಪ್ತಸಲಹೆ ಮುಂದುವರಿಯಲಿ ಎಂದರು.

ರುಚಿಸುವುದಿಲ್ಲ ಎನ್ನುವ ಮಾತು ನನಗೆ ಹಳೆಯದೊಂದು ಅಧ್ಯಯನವನ್ನು ನೆನಪಿಸಿತು. 1978ರಲ್ಲಿ ಫಿಲಿಪ್ ಬ್ರಿಕ್‌ಮನ್ ಮತ್ತು ಸಂಗಡಿಗರು ಅಮೆರಿಕದಲ್ಲಿ ದೊಡ್ಡ ಲಾಟರಿ ಹೊಡೆದ 22 ಜನರನ್ನು ಮಾತಾಡಿಸಿದ್ದರು. ಸ್ನೇಹಿತರ ಜೊತೆ ಹರಟೆ, ಒಂದು ಜೋಕ್, ಪತ್ರಿಕೆ ಓದುವುದು, ಇಂಥ ದಿನನಿತ್ಯದ ಚಿಕ್ಕಪುಟ್ಟ ಸುಖಗಳಲ್ಲಿ ಲಾಟರಿ ಗೆದ್ದವರಿಗೆ ಸಿಗುತ್ತಿದ್ದ ಸಂತೋಷ ಉಳಿದವರಿಗಿಂತ ಕಡಿಮೆ. ಸಣ್ಣ ಸಂಖ್ಯೆಯ ಅಧ್ಯಯನ, ಅದನ್ನೇ ವೇದವಾಕ್ಯ ಮಾಡಬೇಕಿಲ್ಲ. ಆದರೂ ಕಾಗದದ ಹೂವು ತಲೆ ಮೇಲೆ ಸುರಿದ ಒಂದು ರಾತ್ರಿಯ ಪಕ್ಕದಲ್ಲಿ ಇಟ್ಟರೆ ಮಂಗಳವಾರ ಬೆಳಗಿನ ಒಂಬತ್ತು ಗಂಟೆಯ ಕ್ಲಾಸು ಎಷ್ಟು ಸಪ್ಪೆ ಎನ್ನುವುದನ್ನು ಊಹಿಸಬಹುದು.

ಮೂರನೇ ಭೇಟಿಗೆ ಅವಳ ನೋಟ್‌ಬುಕ್ ತರಲು ಹೇಳಿದೆ. ಯಾವುದಾದರೂ ಸರಿ, ಓದಲು ಕೂತಾಗ ಬಳಸುವುದು. ಇನ್ನೂರು ಪುಟದ ಪುಸ್ತಕ, ಮೊದಲ ಹನ್ನೆರಡು ಪುಟದಲ್ಲಿ ಸಂಖ್ಯಾಶಾಸ್ತ್ರದ ಲೆಕ್ಕಗಳು. ಒಂದೂ ಪೂರ್ತಿಯಾಗಿರಲಿಲ್ಲ. ಎರಡನೇ ಸಾಲಿಗೋ ಮೂರನೇ ಸಾಲಿಗೋ ನಿಂತು, ಮೇಲೆ ಅಡ್ಡಗೆರೆ. ಅದಲ್ಲ ನನ್ನ ಕಣ್ಣು ಹಿಡಿದದ್ದು. ಕೊನೆಯ ಪುಟದಿಂದ ಹಿಂದಕ್ಕೆ ಬರುತ್ತಾ ಸ್ಕೇಲ್ ಹಿಡಿದು ಹಾಕಿದ ಕೋಷ್ಟಕಗಳಿದ್ದವು. ಪ್ರತಿ ದಿನಕ್ಕೊಂದು ಸಾಲು, ಮೂರು ಕಾಲಂ, ಹತ್ತಕ್ಕೆ ಇಷ್ಟು ಅಂಕ. ಅವಳ ದಿನದ ಓದಿಗೆ ಅವಳೇ ಕೊಟ್ಟುಕೊಂಡದ್ದು. ಕಾಲಂಗಳ ತಲೆಬರಹ ನೋಡಿ ಒಂದು ಕ್ಷಣ ಅರ್ಥವಾಗಲಿಲ್ಲ: ಶ್ರುತಿ, ತಾಳ, ಭಾವ.

"ಬೇರೆ ಏನು ಬರೀಬೇಕು ಅಂತ ಗೊತ್ತಾಗ್ಲಿಲ್ಲ" ಎಂದಳು.

ಹೆಚ್ಚಿನ ಸಾಲುಗಳಲ್ಲಿ ಮೂರು, ಎರಡು, ಎರಡು. ವಾರದ ಕೊನೆಗೆ ಒಟ್ಟು ಮೊತ್ತ, ಅದರ ಪಕ್ಕದಲ್ಲಿ ಕೆಂಪು ಇಂಕಿನಲ್ಲಿ 'ಔಟ್'. ಶೋ ಮುಗಿದು ಮೂರು ವರ್ಷವಾದರೂ ಹುಡುಗಿ ಪ್ರತಿ ಶನಿವಾರ ತನ್ನನ್ನು ತಾನೇ ಎಲಿಮಿನೇಟ್ ಮಾಡುತ್ತಿದ್ದಳು.

ಅಲ್ಲಿಗೆ ಸಮಸ್ಯೆಯ ತುದಿ ನನ್ನ ಕೈಗೆ ಸಿಕ್ಕಿತು. ಸೊಕ್ಕೂ ಅಲ್ಲ, ಸೋಮಾರಿತನವೂ ಅಲ್ಲ. ಮುಗಿದ ಪ್ರಖ್ಯಾತಿಯ ದುಃಖ ಸ್ವಲ್ಪ ಇತ್ತು, ಆದರೆ ಅದು ಅವಳನ್ನು ಗೇಟಿನಿಂದ ವಾಪಸ್ ಕಳಿಸುವಷ್ಟು ದೊಡ್ಡದಲ್ಲ. ಯಾರೂ ನೋಡದೆ ತಪ್ಪು ಮಾಡುವುದನ್ನು ಅವಳು ಮರೆತಿದ್ದಳು. ಕಾಲೇಜಿನಲ್ಲೂ ಬಿಡುತ್ತಿರಲಿಲ್ಲ ಎನ್ನಿ. ಹಾಜರಿ ಕರೆದಾಗ ಹಿಂದಿನ ಬೆಂಚಿನಿಂದ ಚಪ್ಪಾಳೆ. ಒಬ್ಬ ಮೇಷ್ಟ್ರಂತೂ ಪಾಠ ಬೇಗ ಮುಗಿದರೆ "ಒಂದು ಹಾಡು ಹೇಳಮ್ಮ" ಎನ್ನುತ್ತಿದ್ದರು. ಬೋರ್ಡಿಗೆ ಕರೆದು ಲೆಕ್ಕ ಮಾಡಿಸಿದ ದಿನ ಯಾರೋ ಮೊಬೈಲಿನಲ್ಲಿ ವಿಡಿಯೊ ತೆಗೆದಿದ್ದರು. ಪ್ರಮಾಣಿತ ವಿಚಲನೆಯ ಲೆಕ್ಕ, ವರ್ಗಮೂಲ ತೆಗೆಯುವುದನ್ನೇ ಮರೆತಿದ್ದಳು. ವಿಡಿಯೊ ಕ್ಲಾಸಿನ ಗ್ರೂಪಿನಲ್ಲಿ ಓಡಾಡಿತು, ಕೆಳಗೊಂದು ಕಾಮೆಂಟು: "ವೋಟಿಂಗ್ ಲೈನ್ಸ್ ಆರ್ ಓಪನ್." ಗೇಟಿನಿಂದ ವಾಪಸ್ ಬರಲು ಶುರುವಾದದ್ದು ಅದರ ಮಾರನೇ ದಿನದಿಂದ. ಮೊದಲ ದಿನದ ಜರ್ನಿಯಲ್ಲಿ ಈ ವಿಷಯ ಇರಲೇ ಇಲ್ಲ, ಗಮನಿಸಿ.

ಇಲ್ಲಿ ಜಿರಳೆಗಳ ಕಥೆ ಹೇಳಿದೆ. ಸಲಹೆಯ ನಡುವೆ ಜಿರಳೆ ಯಾಕೆ ಎಂದರೆ, ಮನೋವಿಜ್ಞಾನದಲ್ಲಿ ನನಗೆ ಬಹಳ ಪ್ರೀತಿಯ ಪ್ರಯೋಗ ಅದು. ಜೊತೆಗಾರರಿದ್ದರೆ ಸೈಕಲ್ ಸವಾರರು ಹೆಚ್ಚು ವೇಗವಾಗಿ ಓಡಿಸುತ್ತಾರೆ ಎಂದು 1898ರಲ್ಲೇ ನಾರ್ಮನ್ ಟ್ರಿಪ್ಲೆಟ್ ಗಮನಿಸಿದ್ದರು. ಆದರೆ ಬೇರೆ ಕೆಲವು ಕೆಲಸಗಳಲ್ಲಿ ಜನ ನೋಡುತ್ತಿದ್ದರೆ ಕೈಕೆಡುತ್ತದೆ. ಈ ವಿರೋಧಾಭಾಸಕ್ಕೆ 1965ರಲ್ಲಿ ರಾಬರ್ಟ್ ಝಯಾನ್ಸ್ ಒಂದು ಸರಳ ಉತ್ತರ ಕೊಟ್ಟರು. ಚೆನ್ನಾಗಿ ಕಲಿತುಬಿಟ್ಟದ್ದನ್ನು ಮಾಡುವಾಗ ನೋಡುಗರಿದ್ದರೆ ಒಳ್ಳೆಯದು. ಹೊಸದಾಗಿ ಕಲಿಯುವಾಗ ನೋಡುಗರಿದ್ದರೆ ಕೆಟ್ಟದ್ದು. 1969ರಲ್ಲಿ ಅವರ ತಂಡ ಇದನ್ನು ಜಿರಳೆಗಳ ಮೇಲೆ ಪರೀಕ್ಷಿಸಿತು. ಬೆಳಕು ಹಾಕಿದರೆ ಜಿರಳೆ ಕತ್ತಲಿಗೆ ಓಡುತ್ತದೆ. ಪಕ್ಕದ ಪಾರದರ್ಶಕ ಡಬ್ಬಿಗಳಲ್ಲಿ ಬೇರೆ ಜಿರಳೆಗಳನ್ನು ಪ್ರೇಕ್ಷಕರಾಗಿ ಕೂರಿಸಿದರು. ದಾರಿ ನೆಟ್ಟಗಿದ್ದಾಗ ಪ್ರೇಕ್ಷಕರೆದುರು ಓಟ ಚುರುಕಾಯಿತು. ತಿರುವು ಹುಡುಕಬೇಕಾದ ದಾರಿಯಲ್ಲಿ ಅದೇ ಪ್ರೇಕ್ಷಕರೆದುರು ಓಟ ನಿಧಾನವಾಯಿತು.

ಹುಡುಗಿ ನಕ್ಕಳು. ಕ್ಯಾಮೆರಾಕ್ಕೆ ಕೊಡುವ ನಗುವಲ್ಲ, ಮೂಗಿನಿಂದ ಬಂದ ನಗು. "ಜಿರಳೆಗೂ ಆಡಿಯೆನ್ಸಾ?"

ಆಗ ಕೇಳಿದೆ: "ಸ್ಟೇಜ್ ಮೇಲೆ ಹಾಡೋಕೆ ಮುಂಚೆ ಆ ಹಾಡನ್ನ ಎಲ್ಲಿ ಕಲೀತಿದ್ದೆ?"

"ಗ್ರೂಮಿಂಗ್ ರೂಮಲ್ಲಿ."

"ಎಷ್ಟು ಸಲ ತಪ್ತಿದ್ದೆ?"

"ಲೆಕ್ಕ ಇಲ್ಲ. ಒಂದು ಸಾಲಿಗೆ ಅರ್ಧ ದಿನ ಹೋಗಿದ್ದೂ ಇದೆ."

"ಯಾರು ನೋಡ್ತಿದ್ರು?"

"ಕೋಚ್ ಒಬ್ಬರೇ." ಸ್ವಲ್ಪ ಹೊತ್ತು ಯೋಚಿಸಿದಳು. "ಅವರೂ ಅರ್ಧ ಹೊತ್ತು ಫೋನ್ ನೋಡ್ಕೊಂಡಿರೋರು."

ಪರದೆಯ ಮೇಲೆ ನಾವು ನೋಡುವುದು ಕಲಿತು ಮುಗಿದ ಹಾಡನ್ನು. ಅವಳ ಶ್ರುತಿಗೆ ಹೊಂದಿಸಿದ ಟ್ರ್ಯಾಕು, ತಿದ್ದಿ ತೀಡಿದ ಆಲಾಪ, ಎಲ್ಲಿ ಉಸಿರು ತಗೋಬೇಕು ಎಂಬುದೂ ನಿಗದಿ. ವೀಕ್ಷಕರಿಗೆ ಅದೇ ಕಲಿಕೆ ಎಂದು ಕಾಣುತ್ತದೆ, ತಪ್ಪಿಲ್ಲ. ಆದರೆ ಸ್ಪರ್ಧಿಗೂ ಕ್ರಮೇಣ ಹಾಗೇ ಕಂಡುಬಿಡುತ್ತದೆ. ಗ್ರೂಮಿಂಗ್ ರೂಮು ಅವಳ ನೆನಪಿನಿಂದಲೇ ಎಡಿಟ್ ಆಗಿಹೋಗಿತ್ತು. ಸಂಖ್ಯಾಶಾಸ್ತ್ರವನ್ನು ಅವಳು ನೇರ ಫಿನಾಲೆ ಸ್ಟೇಜಿನ ಮೇಲೆ ಕಲಿಯಲು ಹೊರಟಿದ್ದಳು.

ಕೊಟ್ಟ ಸಲಹೆಗಳಲ್ಲಿ ಮೊದಲನೆಯದು ಹಾಗಾಗಿ ಇದೇ: ಓದಿಗೊಂದು ಗ್ರೂಮಿಂಗ್ ರೂಮು. ಕಾಲೇಜಿಗೆ ಸದ್ಯ ಹೋಗಲೇಬೇಕೆಂಬ ಒತ್ತಾಯ ಬೇಡ ಎಂದೆ. ಆದರೆ ತೀರಾ ಬಿಟ್ಟರೆ ಭಯ ಇನ್ನಷ್ಟು ಗಟ್ಟಿಯಾಗುತ್ತದೆ. ತಪ್ಪಿಸಿಕೊಂಡಾಗ ಸಿಗುವ ನೆಮ್ಮದಿಯೇ ಮುಂದಿನ ಸಲ ತಪ್ಪಿಸಿಕೊಳ್ಳಲು ಕಾರಣವಾಗುತ್ತದೆ, ಇದು ನಮ್ಮ ಕ್ಷೇತ್ರದಲ್ಲಿ ಎಲ್ಲರಿಗೂ ಗೊತ್ತಿರುವ ವಿಷಯ. ಆದ್ದರಿಂದ ವಾರಕ್ಕೆ ಎರಡು ದಿನ, ಒಂದೊಂದೇ ಪೀರಿಯಡ್, ಕಿಟಕಿ ಪಕ್ಕದ ಕೊನೆಯ ಬೆಂಚು, ಆಮೇಲೆ ಮೂರು ದಿನ, ಹೀಗೆ ಮೆಟ್ಟಿಲು. ಮನೆಯಲ್ಲಿ ದಿನಕ್ಕೆ ನಲವತ್ತು ನಿಮಿಷ ಬಾಗಿಲು ಹಾಕಿಕೊಂಡು ಲೆಕ್ಕ. ಫೋನ್ ಬೇರೆ ಕೋಣೆಯಲ್ಲಿ. ಪೆನ್ಸಿಲ್‌ನಲ್ಲೇ ಬರೆಯಬೇಕು, ರಬ್ಬರ್ ಇಟ್ಟುಕೊಳ್ಳಬಾರದು, ಅಡ್ಡಗೆರೆ ಹಾಕಬಾರದು. ತಪ್ಪಾದ ಲೆಕ್ಕವನ್ನೂ ಕೊನೆಯ ಸಾಲಿನ ತನಕ ಒಯ್ಯಬೇಕು. ಕೋಷ್ಟಕ ನಿಷೇಧ ಮಾಡಲಿಲ್ಲ. ನಿಷೇಧಿಸಿದ್ದರೆ ಅವಳು ಬೇರೆಲ್ಲೋ ಬರೆಯುತ್ತಿದ್ದಳು. ಬದಲಿಗೆ ಮೂರು ಕಾಲಂ ತೆಗೆದು ಒಂದೇ ಇಡಿಸಿದೆ: ಇವತ್ತು ಎಲ್ಲಿ ಸಿಕ್ಕಿಹಾಕಿಕೊಂಡೆ? ಅಂಕವಿಲ್ಲ, ಬರೀ ಜಾಗದ ಹೆಸರು.

ಓದುವ ಬಗೆಯಲ್ಲೂ ಸ್ವಲ್ಪ ತಿದ್ದಬೇಕಿತ್ತು. ಹಾಡು ಕೇಳಿ ಕೇಳಿ ಕಲಿತವಳು, ಪಾಠವನ್ನೂ ಓದಿ ಓದಿಯೇ ಕಲಿಯುತ್ತಿದ್ದಳು. ಕಣ್ಣಾಡಿಸಿದಾಗ ಎಲ್ಲ ಗೊತ್ತಿದ್ದಂತೆ ತೋರುತ್ತದೆ, ಮುಚ್ಚಿದಾಗ ಖಾಲಿ. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕೆ ನಡೆಸಿದ ಪ್ರಯೋಗದಲ್ಲಿ ಐದು ನಿಮಿಷದ ನಂತರ ಕೇಳಿದಾಗ ಮತ್ತೆ ಮತ್ತೆ ಓದಿದವರೇ ಮುಂದಿದ್ದರು. ವಾರ ಕಳೆದು ಕೇಳಿದಾಗ, ಪುಸ್ತಕ ಮುಚ್ಚಿ ನೆನಪಿನಿಂದ ಬರೆದು ನೋಡಿದವರು ಮುಂದೆ ಹೋಗಿದ್ದರು. "ಅಂದ್ರೆ ಟ್ರ್ಯಾಕ್ ಇಲ್ಲದೆ ಹಾಡಿ ನೋಡೋದು" ಎಂದಳು. ನಾನು ಅರ್ಧ ಗಂಟೆ ವಿವರಿಸಬೇಕೆಂದಿದ್ದೆ, ಅಲ್ಲಿಗೇ ಮುಗಿಯಿತು.

ಶೋನವರ ಜೊತೆಗಿನ ಒಪ್ಪಂದದ ವಿಷಯ ಬಂದದ್ದು ಐದನೇ ಭೇಟಿಯಲ್ಲಿ, ಅದೂ ಬಾಯಿತಪ್ಪಿ. ಹಿಂದಿನ ವರ್ಷ ಒಂದು ಪರೀಕ್ಷೆ ತಪ್ಪಿದ್ದು ಜ್ವರದಿಂದ ಎಂದು ಮನೆಯಲ್ಲಿ ಹೇಳಿದ್ದಳು. ನಿಜವಾಗಿ ಆ ದಿನ ಒಂದು ಕಾರ್ಯಕ್ರಮವಿತ್ತು, ಒಪ್ಪಂದದ ಪ್ರಕಾರ ಹೋಗಲೇಬೇಕು ಎಂದು ಮ್ಯಾನೇಜ್‌ಮೆಂಟ್‌ನವರು ಹೇಳಿದ್ದರು. "ಒಪ್ಪಂದದಲ್ಲಿ ಹಾಗಿದೆಯಾ?" ಎಂದೆ. ಓದಿರಲಿಲ್ಲ. ಆಡಿಷನ್ ಗದ್ದಲದಲ್ಲಿ ತೋರಿಸಿದ ಕಡೆ ಸಹಿ ಹಾಕಿದ್ದಳು, ಅಪ್ಪನೂ ಸಾಕ್ಷಿ ಹಾಕಿದ್ದರು.

ಈ ಸಲ ಒಬ್ಬ ವಿಜೇತೆಯ ಕಥೆ ಕೆಲಸಕ್ಕೆ ಬಂತು. 2004ರಲ್ಲಿ 'ಅಮೆರಿಕನ್ ಐಡಲ್' ಗೆದ್ದ ಫಾಂಟೇಸಿಯಾ ಬರಿನೊ ಹೈಸ್ಕೂಲು ಅರ್ಧಕ್ಕೆ ಬಿಟ್ಟವರು. ತಮಗೆ ಓದಲು ಸರಿಯಾಗಿ ಬರುತ್ತಿರಲಿಲ್ಲ, ಓದಲಾಗದ ಕರಾರುಗಳಿಗೆ ಸಹಿ ಹಾಕಿದ್ದೆ ಎಂದು 2005ರ ತಮ್ಮ ಆತ್ಮಕಥೆಯ ಹೊತ್ತಿಗೆ ಬಾಯಿಬಿಟ್ಟು ಹೇಳಿಕೊಂಡರು. ಹುಡುಗಿ ಸುಮ್ಮನೆ ಕೂತಿದ್ದಳು. "ನನಗೆ ಓದೋಕೆ ಬರುತ್ತೆ. ಆದ್ರೂ ಓದಿಲ್ಲ."

ಸಲಹೆ: ಶೋಗಾಗಲಿ ಮ್ಯಾನೇಜ್‌ಮೆಂಟಿಗಾಗಲಿ ಸಂಬಂಧವಿಲ್ಲದ ವಕೀಲರೊಬ್ಬರಿಗೆ ಒಪ್ಪಂದ ತೋರಿಸು. ಎಷ್ಟು ವರ್ಷದ್ದು, ತಾನಾಗಿ ಮುಂದುವರಿಯುತ್ತದಾ, ಕಾರ್ಯಕ್ರಮಕ್ಕೆ ಇಲ್ಲ ಎನ್ನುವ ಅವಕಾಶ ಇದೆಯಾ, ಬೇರೆಡೆ ಹಾಡಿದರೆ ಪಾಲು ಕೊಡಬೇಕಾ, ನಿನ್ನ ಹೆಸರು ಮತ್ತು ಫೋಟೋ ಬಳಸುವ ಹಕ್ಕು ಯಾರದ್ದು, ಈ ಐದನ್ನು ಕೇಳಿಕೊಂಡು ಬಾ. ನಾನು ವಕೀಲೆಯಲ್ಲ, ಆದರೆ ಎದೆ ಬಡಿತದ ಒಂದು ಪಾಲು ಓದದ ಆ ಕಾಗದದಲ್ಲೇ ಇದೆ ಎಂಬುದು ನನಗೆ ಕಾಣುತ್ತಿತ್ತು. ವಕೀಲರು ನೋಡಿ ಹೇಳಿದ್ದೇನೆಂದರೆ, ಅವಧಿ ಮುಗಿದು ಏಳು ತಿಂಗಳಾಗಿದೆ. ಏಳು ತಿಂಗಳಿಂದ ಅವಳು ಇಲ್ಲದ ಸಂಕೋಲೆಗೆ ಕಾಲು ಕೊಟ್ಟು ಕೂತಿದ್ದಳು.

ಇನ್ನು ಮನೆಯವರು. ಅಪ್ಪ ಅಮ್ಮನನ್ನು ಒಂದು ಸಂಜೆ ಮಾತ್ರ ಬೇರೆಯಾಗಿ ಕರೆದೆ. ಅಪ್ಪನ ವಾದ ಗಟ್ಟಿಯಾಗಿತ್ತು. ಹೆಸರಿದೆ, ಅದನ್ನು ಬಳಸಿಕೊಂಡು ಸಂಗೀತ ಶಾಲೆಯನ್ನೋ ಸ್ಟುಡಿಯೊವನ್ನೋ ಶುರುಮಾಡಿದರೆ ಓದೂ ಬೇಕಾಗಿಲ್ಲ, ಬಹುಮಾನದ ಹಣ ಇದೆಯಲ್ಲ. ಅವರೆದುರು ನಾನು ಇಬ್ಬರು ವಿಜೇತರನ್ನು ಇಟ್ಟೆ. ಇಬ್ಬರೂ 'ಕೌನ್ ಬನೇಗಾ ಕರೋಡ್‌ಪತಿ'ಯವರು. ಅದು ಹಾಡಲ್ಲ, ಕ್ವಿಜ್, ಆದರೆ ಗೆದ್ದ ಮೇಲಿನ ಬದುಕಿನ ಪಠ್ಯ ಬಹುಪಾಲು ಒಂದೇ. 2000ದಲ್ಲಿ ಮೊದಲ ಕೋಟಿ ಗೆದ್ದ ಹರ್ಷವರ್ಧನ್ ನವಾಥೆ ಆಗ ಸಿವಿಲ್ ಸರ್ವಿಸ್ ಪರೀಕ್ಷೆಗೆ ಓದುತ್ತಿದ್ದವರು. ಗೆಲುವಿನ ಗದ್ದಲದಲ್ಲಿ ಆ ಓದು ಕೈತಪ್ಪಿತು. ಆಮೇಲೆ ಎಂಬಿಎ ಮಾಡಲು ಬ್ರಿಟನ್‌ಗೆ ಹೋದರು, ಬಂದು ಕಾರ್ಪೊರೇಟ್ ಕೆಲಸ ಹಿಡಿದರು. 2011ರಲ್ಲಿ 5 ಕೋಟಿ ಗೆದ್ದ ಬಿಹಾರದ ಸುಶೀಲ್ ಕುಮಾರ್ 2020ರಲ್ಲಿ ತಮ್ಮ ಕಥೆಯನ್ನು ತಾವೇ ಬರೆದುಕೊಂಡರು. ತಿಂಗಳಿಗೆ ಹತ್ತು ಹದಿನೈದು ದಿನ ಎಲ್ಲೆಲ್ಲೋ ಕಾರ್ಯಕ್ರಮ, ಓದು ದೂರವಾಗುತ್ತಾ ಹೋಯಿತು. ಈಗೇನು ಮಾಡ್ತಿದ್ದೀರಿ ಎಂದು ಪತ್ರಕರ್ತರು ಕೇಳುತ್ತಾರೆಂದು, ಕೆಲಸವಿಲ್ಲದವನಂತೆ ಕಾಣಬಾರದೆಂದು, ಅನುಭವವಿಲ್ಲದ ವ್ಯವಹಾರಗಳಿಗೆ ಕೈಹಾಕಿ ಕೈಸುಟ್ಟುಕೊಂಡರು. ನಂಬಿದವರು ಮೋಸ ಮಾಡಿದರು, ಚಟ ಹತ್ತಿತು. ಅಲ್ಲಿಂದ ಎದ್ದು ಬಂದ ಮೇಲೆ ಶಿಕ್ಷಕರ ನೇಮಕಾತಿ ಪರೀಕ್ಷೆ ಬರೆದು ಪಾಸಾದರು.

"ಸ್ಟುಡಿಯೊ ಯಾರಿಗೋಸ್ಕರ ಯಜಮಾನರೇ? ಮಗಳಿಗೋ, ಕೇಳೋರಿಗೆ ಉತ್ತರ ಕೊಡೋಕೋ?" ಎಂದೆ. ಅವರು ಮುಖ ಗಂಟುಹಾಕಿಕೊಂಡರು. ಆ ದಿನ ಅವರು ಒಪ್ಪಿ ಹೋದರು ಎಂದೇನೂ ಬರೆಯಲಾರೆ. ಬಹುಮಾನದ ಹಣ ಮಗಳ ಹೆಸರಿನಲ್ಲೇ ಇರಲಿ, ಓದು ಮುಗಿಯುವ ತನಕ ಯಾವ ವ್ಯವಹಾರಕ್ಕೂ ಹಾಕುವುದು ಬೇಡ ಎಂಬುದಕ್ಕೆ ಮಾತ್ರ ತಲೆಯಾಡಿಸಿದರು. ಟೇಬಲ್ ಮೇಲಿನ ಕ್ಯಾರಿ ಅಂಡರ್‌ವುಡ್ ಪ್ರಿಂಟ್ ತೆಗೆದರಂತೆ, ನಾನು ಹೇಳದೆಯೇ.

ಅಮ್ಮನಿಗೆ ಹೇಳಿದ್ದು ಚಿಕ್ಕದು. ಟ್ರೋಫಿ ಹಾಲಿನಲ್ಲೇ ಇರಲಿ, ಬಚ್ಚಿಡಬೇಡಿ, ಅದು ಅವಳು ದುಡಿದು ತಂದದ್ದು. ಆದರೆ ಬಂದವರಿಗೆಲ್ಲ ಅವಳ ಕೈಲಿ ಹಾಡಿಸಬೇಡಿ. ಅವಳು ಕೋಣೆಯಿಂದ ಹೊರಗೆ ಬಂದಾಗ "ಹೇಗಾಯ್ತು ಓದು?" ಎನ್ನಬೇಡಿ. ಬೇರೆ ಏನಾದರೂ ಮಾತಾಡಿ, ಇಲ್ಲವೇ ಸುಮ್ಮನಿರಿ. "ಸುಮ್ಮನಿರೋದು ಕಷ್ಟ" ಎಂದರು ಪ್ರಾಮಾಣಿಕವಾಗಿ.

ಹೊರಡುವಾಗ ಬಾಗಿಲ ಬಳಿ ನಿಂತು ನಿಜವಾದ ಪ್ರಶ್ನೆ ಕೇಳಿದರು. ಹನ್ನೊಂದು ವರ್ಷದ ತಮ್ಮನನ್ನೂ ಮಕ್ಕಳ ಶೋಗೆ ಕರೆಯುತ್ತಿದ್ದಾರೆ, ಕಳಿಸಬಹುದಾ? ಭಾರತದಲ್ಲಿ 2017ರಲ್ಲಿ ತಿದ್ದುಪಡಿಯಾದ ಬಾಲಕಾರ್ಮಿಕ ನಿಯಮಗಳು ಇದರ ಬಗ್ಗೆ ಸ್ಪಷ್ಟವಾಗಿವೆ ಎಂದು ಹೇಳಿದೆ. ಮಗುವಿಗೆ ದಿನಕ್ಕೆ ಐದು ಗಂಟೆಗಿಂತ ಹೆಚ್ಚು ಕೆಲಸವಿಲ್ಲ, ವಿರಾಮವಿಲ್ಲದೆ ಮೂರು ಗಂಟೆ ದಾಟುವಂತಿಲ್ಲ, ಸತತ 27 ದಿನ ಮೀರುವಂತಿಲ್ಲ, ಶಾಲೆ ತಪ್ಪುವಂತಿಲ್ಲ. ಮಗುವಿನ ಗಳಿಕೆಯ ಕನಿಷ್ಠ ಶೇ 20 ಭಾಗವನ್ನು ಅದರ ಹೆಸರಿನಲ್ಲಿ ಠೇವಣಿ ಇಡಬೇಕು. ಅನುಮತಿ ಜಿಲ್ಲಾಧಿಕಾರಿಯಿಂದ ಪಡೆಯಬೇಕು. ಇನ್ನೂ ಒಂದಿದೆ, ಮಗುವಿನ ಇಚ್ಛೆಗೆ ವಿರುದ್ಧವಾಗಿ ಭಾಗವಹಿಸುವಂತೆ ಮಾಡಬಾರದು. "ಅವನನ್ನ ಕೇಳಿದ್ರಾ?"

ಕೇಳಿರಲಿಲ್ಲ. ಮನೆಗೆ ಹೋಗಿ ಕೇಳಿದರಂತೆ. ಅವನಿಗೆ ಕ್ರಿಕೆಟ್ ಬೇಕಂತೆ.

ಕಾಲೇಜಿನ ಜೊತೆ ನಾನು ಮಾತಾಡಲಾ ಎಂದದ್ದಕ್ಕೆ ಹುಡುಗಿ ಬೇಡವೆಂದಳು, ತಾನೇ ಹೋದಳು. ವಿಡಿಯೊ ತೆಗೆದವನ ಮೇಲೆ ದೂರು ಕೊಡುವ ಹಕ್ಕು ಅವಳಿಗಿತ್ತು, ಅದನ್ನು ತಿಳಿಸಿದ್ದೆ. ಅವಳು ದೂರು ಕೊಡದೆ ವಿಡಿಯೊ ಅಳಿಸುವಂತೆ ಮಾತ್ರ ಹೇಳಿದಳು. ಅದು ನನಗೆ ಅಷ್ಟು ಸರಿಕಾಣಲಿಲ್ಲ, ಆದರೆ ಆಯ್ಕೆ ಅವಳದು. ಹಾಡು ಹೇಳಿಸುವ ಮೇಷ್ಟ್ರಿಗೆ ಹೇಳಬೇಕಾದ ವಾಕ್ಯವನ್ನು ಮಾತ್ರ ನನ್ನ ಕೋಣೆಯಲ್ಲಿ ನಾಲ್ಕೈದು ಸಲ ಅಭ್ಯಾಸ ಮಾಡಿಕೊಂಡಳು: "ಸರ್, ಇಲ್ಲಿ ನಾನು ಸ್ಟೂಡೆಂಟ್. ಕಾಲೇಜ್ ಡೇಗೆ ಹಾಡ್ತೀನಿ." ಮೊದಲ ಮೂರು ಸಲ ಹೇಳುವಾಗ ದನಿ ನಡುಗಿತು, ನಾಲ್ಕನೇ ಸಲ ಕೆಮ್ಮು ಬಂತು. ಗ್ರೂಮಿಂಗ್ ರೂಮು ಎಂದರೆ ಇದೇ ತಾನೇ ಎಂದು ಇಬ್ಬರೂ ನಕ್ಕೆವು. ಮೇಷ್ಟ್ರು ಪಾಪ, ಕೆಟ್ಟವರಲ್ಲ. "ಅಯ್ಯೋ, ನಿನಗೆ ಖುಷಿಯಾಗುತ್ತೆ ಅಂದ್ಕೊಂಡಿದ್ದೆ" ಎಂದರಂತೆ.

ಹಾಡನ್ನು ಬಿಡಬೇಕಾ ಎಂಬ ಪ್ರಶ್ನೆ ಎಂಟನೇ ಭೇಟಿಗೆ ಬಂತು. ಬಿಡಬೇಡ ಎಂದೆ, ಆದರೆ ಆರು ತಿಂಗಳು ಯಾವ ಹಾಡನ್ನೂ ರೆಕಾರ್ಡ್ ಮಾಡಬೇಡ. ಹಳೆಯ ಗುರುಗಳ ಬಳಿ ವಾರಕ್ಕೊಮ್ಮೆ ಹೋಗು, ನಿನಗೆ ಬಾರದ ರಾಗ ಕಲಿ. ಗೆದ್ದ ಹಾಡುಗಳನ್ನೇ ಮೂರು ವರ್ಷದಿಂದ ಹಾಡುತ್ತಿದ್ದ ಅವಳು ಸಂಗೀತದಲ್ಲೂ ಹೊಸದೇನನ್ನೂ ಕಲಿತಿರಲಿಲ್ಲ. ಈ ಸಲಹೆಗೆ ಅವಳು ಉಳಿದೆಲ್ಲಕ್ಕಿಂತ ಹೆಚ್ಚು ಹೆದರಿದಳು. ಗುರುಗಳು ಸರಳೆ ವರಸೆಯಿಂದ ಶುರುಮಾಡಿಸಿದರಂತೆ, ಪುಟ್ಟ ಮಕ್ಕಳ ಸಾಲಿನಲ್ಲಿ ಕೂರಿಸಿ. ಒಂದು ವಾರ ಸಿಟ್ಟು ಮಾಡಿಕೊಂಡು ಹೋಗಲಿಲ್ಲ. ಮರುವಾರ ಹೋದಳು.

ಒಟ್ಟು ಹದಿನಾಲ್ಕು ಭೇಟಿ, ಎಂಟು ತಿಂಗಳು. ಬಾಕಿಯಿದ್ದ ಮೂರರಲ್ಲಿ ಎರಡು ಪೇಪರ್ ಪಾಸಾದಳು. ಸಂಖ್ಯಾಶಾಸ್ತ್ರ ಹೋಯಿತು, ನಾಲ್ಕು ಅಂಕದಿಂದ. ಫಲಿತಾಂಶ ಬಂದ ದಿನ ಅಮ್ಮ ಗಾಬರಿಯಿಂದ ಫೋನ್ ಮಾಡಿದರು, ಇವಳು ಮತ್ತೆ ಕೋಣೆ ಸೇರಿದ್ದಾಳೆ ಎಂದು. ಸಂಜೆ ಅವಳೇ ಮೆಸೇಜ್ ಕಳಿಸಿದ್ದಳು. ನೋಟ್‌ಬುಕ್ಕಿನ ಪುಟದ ಫೋಟೋ, ಆ ದಿನದ ಸಾಲಿನಲ್ಲಿ, ಎಲ್ಲಿ ಸಿಕ್ಕಿಹಾಕಿಕೊಂಡೆ ಎಂಬ ಕಾಲಂನಲ್ಲಿ ಬರೆದಿದ್ದಳು: 'ಸಹಸಂಬಂಧ, ಎರಡನೇ ಸೂತ್ರ.' ಕೆಂಪು ಇಂಕು ಇರಲಿಲ್ಲ.

ಕೊನೆಯ ಭೇಟಿಯಲ್ಲಿ ಮಾತು ಹೆಚ್ಚೇನೂ ಇರಲಿಲ್ಲ. ಮರುಪರೀಕ್ಷೆಯ ಅರ್ಜಿ ತುಂಬುವುದು, ತಮ್ಮನ ಮ್ಯಾಚು, ಗುರುಗಳ ಬೈಗುಳ. ನಡುವೆ ಒಂದು ವಾಕ್ಯ ಶುರುಮಾಡಿ, ಮರೆತು, ಇನ್ನೊಂದಕ್ಕೆ ಹೋದಳು. ಸಮಯವಾಯಿತು ಎಂದಾಗ ಎದ್ದು, ಕೊಡೆ ತಗೊಂಡು, "ಬರ್ತೀನಿ ಮೇಡಂ" ಎಂದು ಹೊರಟುಬಿಟ್ಟಳು. ಅವಳು ಮೆಟ್ಟಿಲು ಇಳಿದ ಮೇಲೆ ನನಗೆ ಗಮನಕ್ಕೆ ಬಂತು, ಆ ಪ್ರಶ್ನೆ ಕೇಳಿರಲಿಲ್ಲ. ಫೀಸು ಕೊಡುವುದನ್ನೂ ಮರೆತಿದ್ದಳು. ಅದನ್ನು ಮಾರನೇ ದಿನ ಅಮ್ಮ ಕಳಿಸಿಕೊಟ್ಟರು.